ಕೂಪನ್ ಪುಸ್ತಕ, ಊರ ಬಸವ

ಪ್ರಾಗ್‌ಗೆ ಬಂದ ಹೊಸತರಲ್ಲಿ ನಾನು ಮೈಸೂರಿನವನು ಅಂದರೆ ಇಲ್ಲಿ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಅರಮನೆ ಅಂದೆ, ದಸರಾ ಅಂದೆ, ಆನೆ ಅಂದೆ. ಊಹೂಂ. ಒಂದು ದಿನ ಲಿಫ್ಟ್ ಕೆಟ್ಟಿತ್ತು. ಎದುರು ಮನೆ ಅಜ್ಜಿಯ ತರಕಾರಿ ಚೀಲ ಹಿಡಿದುಕೊಂಡು ಏಳು ಮಹಡಿ ಹತ್ತುವಾಗ, ಸುಮ್ನೆ ಮಾತಿಗೆ, ನಿಮ್ಮ ಜಾವಾ ಬೈಕನ್ನ ನಮ್ಮೂರಲ್ಲೂ ಮಾಡ್ತಿದ್ರು ಅಂದೆ. ಅಜ್ಜಿ ಐದನೇ ಮಹಡಿಯಲ್ಲೇ ನಿಂತುಬಿಟ್ಟರು. ತೀರಿಕೊಂಡ ಗಂಡನ ಹತ್ತಿರ ಅದೇ ಬೈಕ್ ಇತ್ತಂತೆ. ಅವತ್ತು ಕಾಫಿಗೆ ಕರೆದರು. ಆಮೇಲೆ ಹನ್ನೆರಡು ವರ್ಷದಿಂದ ಕರೆಯುತ್ತಲೇ ಇದ್ದಾರೆ. ಸರ್ಕಾರದ ಕೈಲಿದ್ದ ಅಂಗಡಿ, ಕಾರ್ಖಾನೆಗಳನ್ನು ಇಲ್ಲಿ ಜನರಿಗೆ ಹಂಚಿದ ಕಥೆ ಇದು. ನಾನಿಲ್ಲಿ ಬರೆಯುವುದರಲ್ಲಿ ಅರ್ಧ ಆ ಕಾಫಿ ಟೇಬಲ್ಲಿನಲ್ಲೇ ಕೇಳಿದ್ದು. ಇನ್ನರ್ಧ, ಕೇಳಿದ್ದು ನಿಜವಾ ಅಂತ ಓದಿ ನೋಡಿದ್ದು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಜಾವಾ ಶುರುವಾಗಿದ್ದು 1929ರಲ್ಲಿ, ಇದೇ ಪ್ರಾಗ್‌ನಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಅನ್ನುವವರು ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ತಯಾರಿಸುವ ಹಕ್ಕು ಕೊಂಡರು, ಎರಡೂ ಹೆಸರಿನ ಮೊದಲ ಅಕ್ಷರಗಳು ಸೇರಿ ಜಾವಾ ಆಯಿತು. ಇಲ್ಲಿಯವರು ಯಾವಾ ಅನ್ನುತ್ತಾರೆ. 1960ರ ದಶಕದ ಶುರುವಿನಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಬಂತು, ಆಮೇಲೆ ಅದೇ ಯೆಜ್ಡಿ ಆಯಿತು, 1996ರಲ್ಲಿ ಬಾಗಿಲು ಮುಚ್ಚಿತು. ನಮ್ಮಪ್ಪನ ಬಳಿಯೂ ಒಂದಿತ್ತು. ಕಿಕ್ ಹೊಡೆಯೋ ಕಡ್ಡೀನೇ ಗೇರ್ ಕಡ್ಡಿ, ಬೇರೆ ಬೈಕ್ ಓಡಿಸಿ ಬಂದವರು ತಬ್ಬಿಬ್ಬು. ಇಲ್ಲಿ ಟೀನೆಟ್ಸ್ ಅನ್ನುವ ಊರಿನಲ್ಲಿದ್ದ ಮೂಲ ಕಾರ್ಖಾನೆಯೂ ಆ ತೊಂಬತ್ತರ ದಶಕದಲ್ಲೇ ಸೊರಗಿ ಸಣ್ಣದೊಂದು ಕಂಪನಿಯಾಗಿ ಉಳಿಯಿತು. ಮೈಸೂರಿನದ್ದು ಖಾಸಗಿಯವರದ್ದು, ಇಲ್ಲಿಯದ್ದು ಸರ್ಕಾರದ್ದು. ಎರಡೂ ಒಂದೇ ಕಾಲಕ್ಕೆ ಮಲಗಿದವು. ಹಾಗಾಗಿ 'ಖಾಸಗಿಯಾದರೆ ಎಲ್ಲ ಸರಿಹೋಗುತ್ತೆ' ಅನ್ನುವವರನ್ನೂ, 'ಸರ್ಕಾರದ್ದೇ ಇದ್ದಿದ್ರೆ ಉಳೀತಿತ್ತು' ಅನ್ನುವವರನ್ನೂ ಕಂಡರೆ ನನಗೆ ಒಂದೇ ಥರ ಅನುಮಾನ.

ಆಫೀಸಿನಲ್ಲಿ ಊಟದ ಹೊತ್ತಿಗೆ ಚೆಕ್ ಗೆಳೆಯರು ಕೇಳುವುದುಂಟು, ನೀವೂ ಸೋಷಲಿಸ್ಟರೇ ಇದ್ರಿ ಅಲ್ವಾ, 1991ರಲ್ಲಿ ತಾನೇ ಬದಲಾಗಿದ್ದು ಅಂತ. ಮೊದಮೊದಲು ನಾನೂ ಹೌದು ಹೌದು ಅನ್ನುತ್ತಿದ್ದೆ. ನಮ್ಮಲ್ಲೂ ಸೀಮೆಎಣ್ಣೆಗೆ ಕ್ಯೂ ಇತ್ತು, ರೇಷನ್ ಕಾರ್ಡಿನ ಸಕ್ಕರೆ ಇತ್ತು, ಚೇತಕ್ ಸ್ಕೂಟರಿಗೆ ಬುಕ್ ಮಾಡಿ ವರ್ಷಗಟ್ಟಲೆ ಕಾಯೋದಿತ್ತು, ಫೋನ್ ಬರುವಷ್ಟರಲ್ಲಿ ಅರ್ಜಿ ಹಾಕಿದ ತಾತ ಹೋಗಿಬಿಟ್ಟಿರುತ್ತಿದ್ದರು. ಆದರೆ ಇಲ್ಲಿಯ ಕಥೆ ಕೇಳುತ್ತಾ ಹೋದ ಹಾಗೆ ಆ ಹೋಲಿಕೆ ಬಾಯಲ್ಲೇ ಕರಗಿತು. ನಮ್ಮಲ್ಲಿ ಎಷ್ಟೇ ಲೈಸೆನ್ಸ್ ಕಾಟ ಇದ್ದರೂ ಬೀದಿ ಕೊನೆಯ ಶೆಟ್ಟರ ಅಂಗಡಿ ಶೆಟ್ಟರದ್ದೇ ಆಗಿತ್ತು. ಹೋಟೆಲ್ ಭಟ್ಟರದ್ದು, ಟೈಲರ್ ಅಂಗಡಿ ಟೈಲರದ್ದು, ಹೊಲ ರೈತನದ್ದು. ಬೊಂಬಾಯಿಯ ಷೇರುಪೇಟೆ 1875ರಿಂದ ಇತ್ತು. ಇಲ್ಲಿ ಅದ್ಯಾವುದೂ ಇರಲಿಲ್ಲ. 1948ರ ಫೆಬ್ರವರಿಯಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದ ಮೇಲೆ ಕಾರ್ಖಾನೆಯಿಂದ ಹಿಡಿದು ಕ್ಷೌರದ ಅಂಗಡಿಯವರೆಗೆ ಎಲ್ಲ ಸರ್ಕಾರಕ್ಕೋ ಸಹಕಾರ ಸಂಘಕ್ಕೋ ಹೋಯಿತು. ಪೋಲೆಂಡಿನಲ್ಲಾದರೂ ರೈತರ ಹೊಲ ರೈತರ ಬಳಿ ಉಳಿದಿತ್ತು, ಹಂಗೇರಿಯಲ್ಲಿ ಸಣ್ಣಪುಟ್ಟ ವ್ಯಾಪಾರ ನಡೆಯುತ್ತಿತ್ತು. ಚೆಕೊಸ್ಲೊವಾಕಿಯಾದಲ್ಲಿ (ಚೆಕ್, ಸ್ಲೊವಾಕಿಯಾ ಆಗಿನ್ನೂ ಒಂದೇ ದೇಶ) ದೇಶದ ದುಡಿಮೆಯ ನೂರರಲ್ಲಿ ತೊಂಬತ್ತೈದು ಪಾಲಿಗಿಂತ ಜಾಸ್ತಿ ಸರ್ಕಾರ ಮತ್ತು ಸಹಕಾರ ಸಂಘಗಳದ್ದೇ. ನಮ್ಮದು ಬಿಗಿಯಾಗಿ ಕಟ್ಟಿದ್ದ ಹಗ್ಗ ಸಡಿಲಿಸಿದ ಕಥೆ. ಇವರದ್ದು ಮಾಲೀಕ ಅನ್ನುವ ಮನುಷ್ಯನನ್ನೇ ಹೊಸದಾಗಿ ಹುಟ್ಟಿಸಿದ ಕಥೆ.

ಅಜ್ಜಿ ಒಂದು ದೊಡ್ಡ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಆ ಕಾಲ ಚೆನ್ನಾಗಿತ್ತಾ ಅಂದರೆ ಒಂದೇ ಉತ್ತರ ಬರುವುದಿಲ್ಲ. ಬೆಳಿಗ್ಗೆ ಕೇಳಿದರೆ ಒಂದು, ಸಂಜೆ ಕೇಳಿದರೆ ಇನ್ನೊಂದು. ಕೆಲಸ ಹೋಗುತ್ತೆ ಅನ್ನುವ ಭಯ ಇರಲಿಲ್ಲ, ಏಕೆಂದರೆ ಕೆಲಸ ಮಾಡದೆ ಇರುವುದೇ ಅಪರಾಧ. ಗುರುತಿನ ಪುಸ್ತಕದಲ್ಲಿ ಎಲ್ಲಿ ಕೆಲಸ ಅನ್ನುವ ಮೊಹರು ಇರಲೇಬೇಕು, ಇಲ್ಲದಿದ್ದರೆ ಪೊಲೀಸರು ಕೇಳುತ್ತಿದ್ದರು. ಮಗುವನ್ನು ಬಿಡಲು ಶಿಶುವಿಹಾರ ಇತ್ತು, ವಾರದ ಕೊನೆಗೆ ಹಳ್ಳಿಯಲ್ಲೊಂದು ಮರದ ಗೂಡಿನಂಥ ಮನೆ ಇತ್ತು. ಬಾಳೆಹಣ್ಣು ಮಾತ್ರ ಕ್ರಿಸ್‌ಮಸ್ಸಿಗೆ ಬರುತ್ತಿತ್ತು, ಕ್ಯೂ ನಿಂತು ತರಬೇಕಿತ್ತು. ಬಾಳೆಹಣ್ಣಿಗೆ ಕ್ಯೂ! ನಂಜನಗೂಡು ರಸಬಾಳೆ ತಿಂದು ಬೆಳೆದ ನನಗೆ ಅದನ್ನು ಊಹಿಸಿಕೊಳ್ಳೋಕೇ ಆಗಲಿಲ್ಲ. ಅಜ್ಜಿಯ ಕಾಲದ ಮಾತೊಂದು ಇಲ್ಲಿ ಎಲ್ಲರಿಗೂ ಗೊತ್ತು: ಸರ್ಕಾರದ್ದು ಕದಿಯದವನು ತನ್ನ ಮನೆಯವರದ್ದನ್ನೇ ಕದಿಯುತ್ತಾನೆ. ಕಾರ್ಖಾನೆಯ ಬಣ್ಣ, ಸಿಮೆಂಟು, ಹಲಗೆ ಎಲ್ಲ ಆ ಮರದ ಮನೆಗಳಿಗೆ ನಡೆದುಕೊಂಡು ಹೋಗುತ್ತಿದ್ದವು. ಅಜ್ಜಿ ನಾಚಿಕೆ ಇಲ್ಲದೆ ಹೇಳುತ್ತಾರೆ. ಎಲ್ಲರದ್ದು ಅಂದ ಮೇಲೆ ನನ್ನದೂ ಅಲ್ವಾ ಅನ್ನುತ್ತಾರೆ.

1989ರ ನವೆಂಬರಿನಲ್ಲಿ ಜನ ವೆನ್ಸೆಸ್ಲಾಸ್ ಚೌಕದಲ್ಲಿ ಬೀಗದ ಕೈ ಗೊಂಚಲು ಅಲ್ಲಾಡಿಸಿ ಕಮ್ಯುನಿಸ್ಟರನ್ನು ಇಳಿಸಿದರು, ವರ್ಷ ಮುಗಿಯುವುದರೊಳಗೆ ನಾಟಕಕಾರ ಹಾವೆಲ್ ಅಧ್ಯಕ್ಷರಾದರು. ಅದು ಎಲ್ಲರಿಗೂ ಗೊತ್ತಿರುವ ಭಾಗ. ಹಣಕಾಸು ಸಚಿವರಾಗಿ ಬಂದ ವಾಟ್ಸ್ಲಾವ್ ಕ್ಲೌಸ್ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ, ಆದರೆ ಅಡುಗೆಮನೆಯವರೆಗೆ ಬಂದ ಬದಲಾವಣೆ ಅವರದ್ದು. ಅವರಿಗೆ ಬೇಕಿದ್ದದ್ದು 'ವಿಶೇಷಣ ಇಲ್ಲದ ಮಾರುಕಟ್ಟೆ'. ಜರ್ಮನಿಯವರಂತೆ ಸಾಮಾಜಿಕ ಮಾರುಕಟ್ಟೆ ಗೀಮಾರುಕಟ್ಟೆ ಬೇಡ, ಬರೀ ಮಾರುಕಟ್ಟೆ ಸಾಕು ಅಂತ. 1990ರ ಜುಲೈಯಲ್ಲಿ ಊಟದ ಸಾಮಾನಿನ ಸಬ್ಸಿಡಿ ತೆಗೆದು, ಬದಲಿಗೆ ತಲೆಗೆ ತಿಂಗಳಿಗೆ 140 ಕ್ರೌನ್ ಕೊಟ್ಟರು. 1991ರ ಜನವರಿ 1ಕ್ಕೆ ಬೆಲೆಗಳ ಮೇಲಿನ ಹಿಡಿತ ಬಿಟ್ಟರು. ಆ ವರ್ಷ ಬೆಲೆ ಅರ್ಧಕ್ಕಿಂತ ಜಾಸ್ತಿ ಏರಿತು. ಅದೇ ವರ್ಷ ಜುಲೈಯಲ್ಲಿ ನಮ್ಮವರು ಚಿನ್ನ ಅಡವಿಟ್ಟು, ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದ್ದರು. ನಾನಾಗ ಗೋಲಿ ಆಡುತ್ತಿದ್ದೆ.

ಮೊದಲು ಮಾರಿದ್ದು ಸಣ್ಣ ಅಂಗಡಿಗಳನ್ನು. ತರಕಾರಿ ಅಂಗಡಿ, ಬೇಕರಿ, ಹೋಟೆಲ್ಲು, ರಿಪೇರಿ ಅಂಗಡಿ. 1991ರ ಜನವರಿಯಿಂದ ಹರಾಜು, ಊರ ಸಭಾಂಗಣದಲ್ಲಿ ಕೈ ಎತ್ತಿ ಕೂಗುವ ನಿಜವಾದ ಹರಾಜು. ಮೂರು ವರ್ಷದೊಳಗೆ 20,000ಕ್ಕೂ ಹೆಚ್ಚು ಅಂಗಡಿಗಳು ಕೈ ಬದಲಾಯಿಸಿದವು. ಮೊದಲ ಸುತ್ತಿನಲ್ಲಿ ವಿದೇಶಿಯರು ಕೂಗುವ ಹಾಗಿರಲಿಲ್ಲ. ಹೆಚ್ಚಿನ ಕಡೆ ಸಿಕ್ಕಿದ್ದು ಕಟ್ಟಡವಲ್ಲ, ಅಲ್ಲಿ ವ್ಯಾಪಾರ ನಡೆಸುವ ಹಕ್ಕು ಮತ್ತು ಒಳಗಿದ್ದ ಸಾಮಾನು. ಹರಾಜಿಗೆ ದುಡ್ಡು ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಹಿಂದಿನ ಕಾಲದಲ್ಲಿ ಕದ್ದು ಡಾಲರ್, ಜರ್ಮನ್ ಮಾರ್ಕ್ ಬದಲಾಯಿಸಿಕೊಡುತ್ತಿದ್ದವರು, ಅಂಗಡಿಯಲ್ಲಿ ಕೌಂಟರಿನ ಕೆಳಗಿಂದ ಮಾಲು ಕೊಡುತ್ತಿದ್ದವರು ಮುಂದಿನ ಸಾಲಿನಲ್ಲಿದ್ದರಂತೆ. ಆದರೂ ನನ್ನ ಪ್ರಕಾರ ಈ ಇಡೀ ಕಥೆಯಲ್ಲಿ ಚೆನ್ನಾಗಿ ಆದದ್ದು ಅದೇ. ಮಾರನೇ ದಿನ ಅಂಗಡಿ ಬಾಗಿಲು ತೆಗೆಯುವ ಒಬ್ಬ ಮನುಷ್ಯ ಹುಟ್ಟಿದ. ಬ್ರೆಡ್ ಒಣಗಿದ್ದರೆ ಬೈಯೋಕೆ ಒಂದು ಮುಖ ಸಿಕ್ಕಿತು. ನಮ್ಮ ಕಟ್ಟಡದ ಕೆಳಗೇ ಸರ್ಕಾರದ ರಿಪೇರಿ ಅಂಗಡಿಯೊಂದಿತ್ತು, ಸೈಕಲ್ಲು, ಬೈಕು, ಹೊಲಿಗೆ ಮಿಷನ್ನು ಎಲ್ಲ ಅಲ್ಲೇ. ಅಜ್ಜಿಯ ಗಂಡನಿಗೆ ಅದನ್ನು ಕೂಗಬೇಕು ಅಂತ ಆಸೆ. ಅಜ್ಜಿ ಬಿಡಲಿಲ್ಲ. ಕಮ್ಯುನಿಸ್ಟರು ವಾಪಸ್ ಬಂದರೆ? 48ರಲ್ಲಿ ನಮ್ಮಪ್ಪನ ಅಂಗಡಿ ಹೋಗಿದ್ದನ್ನ ಕಣ್ಣಾರೆ ನೋಡಿದೀನಿ, ಇನ್ನೊಂದ್ಸಲ ನೋಡೋಕಾಗಲ್ಲ ಅಂದರಂತೆ.

ಅದರ ಬದಲು ಇಬ್ಬರೂ ಒಂದೊಂದು ಕೂಪನ್ ಪುಸ್ತಕ ಕೊಂಡರು.

ದೊಡ್ಡ ಕಾರ್ಖಾನೆಗಳನ್ನು ಕೊಳ್ಳುವಷ್ಟು ದುಡ್ಡು ದೇಶದಲ್ಲಿ ಯಾರ ಬಳಿಯೂ ಇರಲಿಲ್ಲ. ಜರ್ಮನಿಯವರಿಗೆ ಮಾರಿದರೆ ಜನ ಸುಮ್ಮನಿರುವುದಿಲ್ಲ. ಅದಕ್ಕೆ ಹೂಡಿದ ಉಪಾಯ ಇದು. ಹದಿನೆಂಟು ತುಂಬಿದ ಯಾರಾದರೂ 35 ಕ್ರೌನ್ ಕೊಟ್ಟು ಒಂದು ಪುಸ್ತಕ, 1,000 ಕ್ರೌನ್ ಕೊಟ್ಟು ಒಂದು ಸ್ಟಾಂಪು ತೆಗೆದುಕೊಳ್ಳಬಹುದು. ಒಟ್ಟು 1,035, ಆಗಿನ ಸರಾಸರಿ ತಿಂಗಳ ಸಂಬಳದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಅದರಲ್ಲಿ 1,000 ಪಾಯಿಂಟು. 1992ರ ಮೊದಲ ಅಲೆಯಲ್ಲಿ ಸುಮಾರು 1,500 ಕಂಪನಿಗಳ ಪಟ್ಟಿ ಕೊಟ್ಟು, ನಿಮಗೆ ಬೇಕಾದ್ದಕ್ಕೆ ಪಾಯಿಂಟು ಹಾಕಿ ಅಂದರು. ಮೊದಲ ಸುತ್ತಿನಲ್ಲಿ ಎಲ್ಲ ಷೇರಿಗೂ ಒಂದೇ ಬೆಲೆ, ನೂರು ಪಾಯಿಂಟಿಗೆ ಮೂರು. ಯಾವ ಕಂಪನಿಗೆ ಜನ ತೀರಾ ಮುಗಿಬಿದ್ದರೋ ಅದರ ಬೆಲೆ ಮುಂದಿನ ಸುತ್ತಿಗೆ ಏರಿಸುವುದು, ಯಾರೂ ಕೇಳದ್ದನ್ನು ಇಳಿಸುವುದು, ಹೀಗೆ ಐದು ಸುತ್ತು. ಲೆಕ್ಕ ಎಲ್ಲ ಕಂಪ್ಯೂಟರಿನದ್ದು. ಸಾಫ್ಟ್‌ವೇರಿನವನಾಗಿ ನನಗೆ ಇದು ಬಹಳ ಚಂದ ಅನ್ನಿಸುತ್ತದೆ, ಕಾಗದದ ಮೇಲೆ ಒಂದು ಕೊರೆಯೂ ಇಲ್ಲ. ಒಂದೂವರೆ ಕೋಟಿ ಚಿಲ್ಲರೆ ಜನಸಂಖ್ಯೆಯ ಚೆಕೊಸ್ಲೊವಾಕಿಯಾದಲ್ಲಿ 85 ಲಕ್ಷ ಜನ ಸೇರಿದರು. ಒಂದು ಇಡೀ ದೇಶ ಷೇರುದಾರ ಆಯಿತು. ಅಜ್ಜಿಗೆ ಷೇರು ಅಂದರೆ ಏನು ಅಂತ ಮಾತ್ರ ಗೊತ್ತಿರಲಿಲ್ಲ. ಮೂವತ್ತು ವರ್ಷ ಲೆಕ್ಕ ಬರೆದವರು ಅವರು, ನೆನಪಿರಲಿ.

ಗೊತ್ತಿಲ್ಲದ್ದು ಅವರೊಬ್ಬರಿಗೇ ಅಲ್ಲ. ಆದ್ದರಿಂದಲೇ ಫಂಡುಗಳು ಹುಟ್ಟಿಕೊಂಡವು. ನಿಮ್ಮ ಪಾಯಿಂಟು ನಮಗೆ ಕೊಡಿ, ನಾವು ನೋಡಿಕೊಳ್ಳುತ್ತೇವೆ. ಇದರಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವನು ವಿಕ್ಟರ್ ಕೊಝೆನೀ, ಮೂವತ್ತು ತುಂಬದ ಹುಡುಗ. ಚಿಕ್ಕವನಿದ್ದಾಗ ದೇಶ ಬಿಟ್ಟು, ಅಮೆರಿಕದ ಹಾರ್ವರ್ಡ್‌ನಲ್ಲಿ ಓದಿ ಬಂದಿದ್ದ. ಆ ವಿಶ್ವವಿದ್ಯಾಲಯಕ್ಕೂ ಇವನ ಕಂಪನಿಗೂ ಸಂಬಂಧವೇ ಇಲ್ಲ, ಆದರೂ ಕಂಪನಿಗೆ ಹಾರ್ವರ್ಡ್ ಅಂತಲೇ ಹೆಸರಿಟ್ಟ. ಒಂದು ವರ್ಷ ಒಂದು ದಿನ ಕಳೆದ ಮೇಲೆ ಹಾಕಿದ್ದರ ಹತ್ತು ಪಟ್ಟು, ಅಂದರೆ 10,350 ಕ್ರೌನ್, ಕೊಡುತ್ತೇನೆ ಅಂತ ಟಿವಿಯಲ್ಲಿ ಜಾಹೀರಾತು ಕೊಟ್ಟ. ಅಲ್ಲಿಯವರೆಗೆ ಯಾರೂ ಮೂಸಿ ನೋಡದ ಕೂಪನ್ ಪುಸ್ತಕಕ್ಕೆ 1992ರ ಜನವರಿಯಲ್ಲಿ ನೂಕುನುಗ್ಗಲು ಶುರುವಾಯಿತು. ಕ್ಲೌಸ್‌ಗೂ ಖುಷಿಯೇ, ಅವರ ಯೋಜನೆ ಓಡಿತಲ್ಲ. ಮೊದಲ ಅಲೆಯ ಪಾಯಿಂಟುಗಳಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಇಂಥ ಫಂಡುಗಳ ಕೈಗೆ ಹೋಯಿತು. ಕೊಝೆನೀ ಆಮೇಲೆ ಬಹಾಮಾಸ್ ದ್ವೀಪ ಸೇರಿದ. 2010ರಲ್ಲಿ ಪ್ರಾಗ್ ಕೋರ್ಟು ಅವನಿಲ್ಲದೆಯೇ ಅವನಿಗೆ ಹತ್ತು ವರ್ಷ ಶಿಕ್ಷೆ ಹಾಕಿತು. ಅವನು ಸಮುದ್ರ ನೋಡುತ್ತಾ ಅಲ್ಲೇ ಇದ್ದ. ನಮ್ಮ ಕಡೆ ಚೀಟಿ ಹಾಕಿ ಕಳೆದುಕೊಂಡವರು ಹೇಳುವ ಕಥೆಯ ಹಾಗೇ ಇದೆ, ವ್ಯತ್ಯಾಸ ಇಷ್ಟೇ, ಇಲ್ಲಿ ಚೀಟಿಗೆ ಬಿದ್ದದ್ದು ದೇಶದ ಕಾರ್ಖಾನೆಗಳು.

ಇಲ್ಲಿ ಒಂದು ಮಾತು ಹುಟ್ಟಿತು, ಟುನೆಲೊವಾನಿ. ಸುರಂಗ ಕೊರೆಯುವುದು. ಹೊರಗಿಂದ ನೋಡಿದರೆ ಕಾರ್ಖಾನೆ ಹಾಗೇ ನಿಂತಿರುತ್ತದೆ, ಚಿಮಣಿ, ಗೇಟು, ಬೋರ್ಡು ಎಲ್ಲ ಇದೆ. ಒಳಗೆ ಆಡಳಿತ ನಡೆಸುವವನು ತನ್ನದೇ ಇನ್ನೊಂದು ಕಂಪನಿಗೆ ಮಾಲನ್ನು ಅಗ್ಗಕ್ಕೆ ಮಾರುತ್ತಾನೆ. ಅಲ್ಲಿಂದಲೇ ಕಚ್ಚಾ ಮಾಲನ್ನು ದುಬಾರಿಗೆ ಕೊಳ್ಳುತ್ತಾನೆ. ಕಾರ್ಖಾನೆ ಒತ್ತೆ ಇಟ್ಟು ಬ್ಯಾಂಕಿನಿಂದ ಸಾಲ ಎತ್ತುತ್ತಾನೆ, ಆ ದುಡ್ಡು ದೇಶ ದಾಟುತ್ತದೆ. ಕೊನೆಗೆ ಉಳಿಯುವುದು ಗೆದ್ದಲು ತಿಂದ ತೊಲೆ, ಮುಟ್ಟಿದರೆ ಪುಡಿ. ಈ ಚೆಕ್ ಮಾತು ಎಷ್ಟು ಪ್ರಸಿದ್ಧಿಗೆ ಬಂತೆಂದರೆ ಅರ್ಥಶಾಸ್ತ್ರಜ್ಞರು ಅದನ್ನೇ ಪಾರಿಭಾಷಿಕ ಪದ ಮಾಡಿಕೊಂಡರು, ಈಗ ಜಗತ್ತಿನ ಎಲ್ಲ ಕಡೆಯ ಕಂಪನಿ ಕಳ್ಳತನಕ್ಕೂ ಟನಲಿಂಗ್ ಅಂತಲೇ ಬರೆಯುತ್ತಾರೆ. ಬಿಯರ್, ಗಾಜಿನ ಸಾಮಾನಿನ ಜೊತೆಗೆ ಚೆಕ್ಕರು ಜಗತ್ತಿಗೆ ಕೊಟ್ಟ ಇನ್ನೊಂದು ಕೊಡುಗೆ ಅಂತ ನನ್ನ ಮ್ಯಾನೇಜರು ನಗುತ್ತಾರೆ. ನಗು ಸ್ವಲ್ಪ ಹುಳಿ.

ನನಗೆ ಕಳ್ಳರ ಬಗ್ಗೆ ಅಷ್ಟು ಆಶ್ಚರ್ಯ ಇಲ್ಲ, ಅವರು ಎಲ್ಲ ಕಡೆ ಇರುತ್ತಾರೆ. ಕಾವಲಿಗೆ ಯಾರೂ ಇರಲಿಲ್ಲವಲ್ಲ, ಅದು ವಿಚಿತ್ರ. ಲಾಯರುಗಳು ಬಂದು ಕೂರುವ ಮೊದಲೇ ಎಲ್ಲ ಮುಗಿಸಿಬಿಡಬೇಕು ಅನ್ನುವ ಧೋರಣೆ ಆಗ ಮೇಲಿನವರಲ್ಲಿತ್ತು. ಜನರ ಕೈಗೆ ಷೇರು ಬಂದದ್ದು 1993ರ ಹೊತ್ತಿಗೆ. ಪ್ರಾಗ್ ಷೇರುಪೇಟೆಯಲ್ಲಿ ವಹಿವಾಟು ಶುರುವಾಗಿದ್ದೂ ಆಗಲೇ. ಅದರ ಮೇಲೆ ಕಣ್ಣಿಡುವ ಆಯೋಗ ಬಂದದ್ದು 1998ಕ್ಕೆ! ಐದು ವರ್ಷ ಗೇಟಿಲ್ಲದ ತೋಟ. ಇನ್ನೂ ತಮಾಷೆ ಕೇಳಿ. ದೊಡ್ಡ ಫಂಡುಗಳಲ್ಲಿ ಬಹಳಷ್ಟನ್ನು ನಡೆಸುತ್ತಿದ್ದದ್ದು ಬ್ಯಾಂಕುಗಳು. ಆ ದೊಡ್ಡ ಬ್ಯಾಂಕುಗಳಲ್ಲಿ ಸರ್ಕಾರದ್ದೇ ಹಿಡಿತ ಉಳಿದಿತ್ತು. ಅಂದರೆ ಸರ್ಕಾರ ಕಾರ್ಖಾನೆಯನ್ನು ಜನರಿಗೆ ಕೊಟ್ಟಿತು, ಜನ ಫಂಡಿಗೆ ಕೊಟ್ಟರು, ಫಂಡು ಬ್ಯಾಂಕಿನದ್ದು, ಬ್ಯಾಂಕು ಸರ್ಕಾರದ್ದು. ಊರೆಲ್ಲ ಸುತ್ತಿ ಬಂದು ಅದೇ ಮನೆ ಬಾಗಿಲಿಗೆ! ತನ್ನದೇ ಫಂಡಿನ ಕಾರ್ಖಾನೆ ಮುಳುಗುತ್ತಿದ್ದರೆ ಬ್ಯಾಂಕು ಸಾಲ ಕೊಡದೆ ಏನು ಮಾಡೀತು? ಕೊಡುತ್ತಲೇ ಹೋದವು. 1996ರ ತನಕ ನಿರುದ್ಯೋಗ ನೂರಕ್ಕೆ ನಾಲ್ಕರ ಒಳಗೇ ಇತ್ತು, ಎಲ್ಲರೂ ಚೆಕ್ ಪವಾಡ ಅಂದರು. 1997ರ ಮೇ ತಿಂಗಳಲ್ಲಿ ಕ್ರೌನ್ ಕುಸಿಯಿತು, ವರ್ಷದ ಕೊನೆಗೆ ಪಕ್ಷದ ದುಡ್ಡಿನ ಹಗರಣದಲ್ಲಿ, ಅಷ್ಟರಲ್ಲಿ ಪ್ರಧಾನಿಯಾಗಿದ್ದ ಕ್ಲೌಸ್ ಸರ್ಕಾರವೂ ಬಿತ್ತು. ಆಮೇಲೆ ಬ್ಯಾಂಕುಗಳ ಕೆಟ್ಟ ಸಾಲವನ್ನು ತೆರಿಗೆ ದುಡ್ಡಿನಲ್ಲಿ ತೊಳೆದು, 1999ರಿಂದ 2001ರೊಳಗೆ ಒಂದನ್ನು ಬೆಲ್ಜಿಯಂನವರಿಗೆ, ಒಂದನ್ನು ಆಸ್ಟ್ರಿಯಾದವರಿಗೆ, ಒಂದನ್ನು ಫ್ರಾನ್ಸಿನವರಿಗೆ ಮಾರಿದರು.

ನಮ್ಮ ಹಳ್ಳಿಗಳಲ್ಲಿ ದೇವರಿಗೆ ಬಿಟ್ಟ ಬಸವ ಇರುತ್ತಲ್ಲ. ಎಲ್ಲರೂ ಕೈ ಮುಗಿಯುತ್ತಾರೆ, ಯಾರ ಹೊಲಕ್ಕೆ ನುಗ್ಗಿದರೂ ಹೊಡೆಯುವ ಹಾಗಿಲ್ಲ. ಕಾಲಿಗೆ ಗಾಯವಾಗಿ ಹುಳ ಬಿದ್ದರೆ ಮಾತ್ರ ಔಷಧಿ ಹಚ್ಚುವ ಸರದಿ ಯಾರದ್ದು ಅಂತ ಯಾರಿಗೂ ಗೊತ್ತಿರುವುದಿಲ್ಲ. ಅಜ್ಜಿಯ ಕಾರ್ಖಾನೆ ನಲವತ್ತು ವರ್ಷ ಸರ್ಕಾರದ ಬಸವನಾಗಿತ್ತು. ಕೂಪನ್ ಬಂದ ಮೇಲೆ 85 ಲಕ್ಷ ಜನರ ಬಸವನಾಯಿತು. ಹಗ್ಗ ಹಿಡಿಯೋಕೆ ಆಗಲೂ ಯಾರೂ ಇರಲಿಲ್ಲ, ಕೊಂಬು ಹಿಡಿದು ಹೊಡೆದುಕೊಂಡು ಹೋದವನಿಗೇ ದಕ್ಕಿತು.

ಬೇರೆಯವರು ಬೇರೆ ದಾರಿ ಹಿಡಿದರು. ಪೋಲೆಂಡು 1990ರ ಜನವರಿ 1ಕ್ಕೇ ಬೆಲೆಗಳನ್ನು ಬಿಟ್ಟಿತು, ಆ ವರ್ಷ ಅಲ್ಲಿಯ ಬೆಲೆ ಐದಾರು ಪಟ್ಟಿಗೂ ಮೇಲೆ ಹೋಯಿತು, 1993ರ ಕೊನೆಗೆ ನೂರರಲ್ಲಿ ಹದಿನಾರು ಜನಕ್ಕೆ ಕೆಲಸ ಇಲ್ಲ. ಆದರೆ ಕಾರ್ಖಾನೆ ಹಂಚುವ ವಿಷಯದಲ್ಲಿ ಪೋಲಿಷರು ಜಗಳ ಆಡುತ್ತಾ ನಿಧಾನ ಮಾಡಿದರು. ವಾರ್ಸಾದ ಷೇರುಪೇಟೆ 1991ರ ಏಪ್ರಿಲಿನಲ್ಲಿ ಬರೀ ಐದು ಕಂಪನಿಗಳಿಂದ ಶುರುವಾಯಿತು, ಅದೂ ಕಮ್ಯುನಿಸ್ಟ್ ಪಕ್ಷದ ಹಳೇ ಕೇಂದ್ರ ಕಚೇರಿಯ ಕಟ್ಟಡದಲ್ಲಿ. ಕಾವಲಿನ ಆಯೋಗ ಅದರ ಜೊತೆಗೇ ಹುಟ್ಟಿತು. ಬೇಲಿ ಮೊದಲು, ಬಿತ್ತನೆ ಆಮೇಲೆ. ರಷ್ಯಾದ ಕಥೆ ಹೇಳೋಕೆ ಹೊಟ್ಟೆ ಉರಿಯುತ್ತದೆ. ಅಲ್ಲೂ 1992ರಲ್ಲಿ ತಲೆಗೆ 10,000 ರೂಬಲ್ಲಿನ ಒಂದು ವೋಚರ್ ಹಂಚಿ, ಇದು ಎರಡು ವೋಲ್ಗಾ ಕಾರಿಗೆ ಸಮ ಆಗುತ್ತೆ ಅಂತ ಆ ಹಂಚಿಕೆ ನಡೆಸಿದ ಮಂತ್ರಿ ಚುಬೈಸ್ ಹೇಳಿದ್ದರು. ಅದೇ ವರ್ಷ ಬೆಲೆ ಇಪ್ಪತ್ತೈದು ಪಟ್ಟಿನಷ್ಟು ಏರಿತು. ಗಂಡಸರ ಸರಾಸರಿ ಆಯಸ್ಸು ನಾಲ್ಕೇ ವರ್ಷದಲ್ಲಿ ಆರು ವರ್ಷದಷ್ಟು ಇಳಿಯಿತು. ಯುದ್ಧ ಇಲ್ಲದೆ, ಬರ ಇಲ್ಲದೆ. ಅದರ ಪಕ್ಕ ನಿಲ್ಲಿಸಿದರೆ ಚೆಕ್ಕರು ಪುಣ್ಯವಂತರು. ಇಲ್ಲಿ ಮೋಸ ಹೋದವರು ಸಾವಿರ ಕ್ರೌನ್ ಕಳೆದುಕೊಂಡರು, ಜೀವ ಉಳಿಯಿತು.

ಇಲ್ಲಿಯೇ ಇನ್ನೊಂದು ಉದಾಹರಣೆ ಇದೆ, ಸ್ಕೋಡಾ. (ಚೆಕ್ ಭಾಷೆಯಲ್ಲಿ ಆ ಪದಕ್ಕೆ ನಷ್ಟ, ಛೇ ಪಾಪ ಅನ್ನುವ ಅರ್ಥವೂ ಇದೆ. ಅಂಥ ಹೆಸರಿಟ್ಟುಕೊಂಡು ಲಾಭ ಮಾಡಿದ್ದಾರೆ!) ಮ್ಲಾದಾ ಬೊಲೆಸ್ಲಾವ್‌ನ ಈ ಕಾರು ಕಾರ್ಖಾನೆಯನ್ನು ಕೂಪನ್ನಿಗೆ ಬಿಡದೆ, 1991ರಲ್ಲಿ ಫೋಕ್ಸ್‌ವ್ಯಾಗನ್ ಜೊತೆ ಸೇರಿಸಿದರು. ಮೊದಲು 30 ಪರ್ಸೆಂಟ್ ಕೊಟ್ಟು, ಕೊನೆಗೆ 2000ನೇ ಇಸವಿಗೆ ಪೂರ್ತಿ ಬಿಟ್ಟುಕೊಟ್ಟರು. ಜರ್ಮನರಿಗೆ ಮಾರಿಕೊಂಡರು ಅಂತ ಬೈದವರು ಬಹಳ, ಇಲ್ಲಿಯ ಹಳಬರಿಗೆ ಜರ್ಮನರ ನೆನಪು ಬೇರೆ ಥರದ್ದು, ಅದನ್ನು ತಪ್ಪು ಅನ್ನಲಾರೆ. ಆದರೆ ಕಾರ್ಖಾನೆ ಉಳಿಯಿತು, ಬೆಳೆಯಿತು, ಆಕ್ಟೇವಿಯಾ ನಮ್ಮ ಬೆಂಗಳೂರಿನ ರಸ್ತೆಗೂ ಬಂತು. ಮಾಲೀಕ ದೂರದವನೇ ಇರಲಿ, ಕಾರ್ಖಾನೆ ಹಾಳಾದರೆ ತನ್ನ ಗಂಟು ಹೋಗುತ್ತದೆ ಅನ್ನುವವನಾಗಿದ್ದರೆ ಸಾಕು.

ಇದನ್ನೆಲ್ಲ ಯೋಚಿಸುವಾಗ ನನಗೆ ವಾಪಸ್ ವಾಪಸ್ ನೆನಪಾಗುವುದು ಬೆಂಗಳೂರಿನ ಐಟಿ ಅಲ್ಲ, ಅಮ್ಮನ ತವರು. ಸಾಗರದ ಕಡೆ. ಅಲ್ಲಿ ಗೇಣಿ ಮಾಡುತ್ತಿದ್ದವರ ಮಕ್ಕಳು ಈಗಲೂ ಕಾಗೋಡಿನ ಮಾತು ಬಂದರೆ ದನಿ ಏರಿಸುತ್ತಾರೆ. 1951ರ ಸತ್ಯಾಗ್ರಹ ಅಲ್ಲೇ ನಡೆದದ್ದು. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಕಾನೂನು ಬಂತು, ಉಳುವವನೇ ಹೊಲದೊಡೆಯ. ಫಾರಂ ನಂಬರ್ 7 ತುಂಬಿ ಕೊಟ್ಟು, ಟ್ರಿಬ್ಯುನಲ್ ಮುಂದೆ ನಿಂತು, ಇಂಥ ಸರ್ವೆ ನಂಬರಿನ ಇಷ್ಟು ಗುಂಟೆ ನಾನು ಉಳುತ್ತಿದ್ದೇನೆ ಅಂತ ಹೇಳಬೇಕು. ಎಷ್ಟೋ ಕಡೆ ಜಗಳ ಆಯಿತು, ಧಣಿಗಳು ಮುಂಚೆಯೇ ಎಬ್ಬಿಸಿ ಕಳಿಸಿದ್ದೂ ಉಂಟು, ಬರೀ ಕೂಲಿ ಮಾಡುತ್ತಿದ್ದವರಿಗೆ ಹೆಚ್ಚೇನೂ ದಕ್ಕಲಿಲ್ಲ. ಆದರೂ ಕೊಟ್ಟದ್ದನ್ನು ನೋಡಿ. ಈ ಮನುಷ್ಯನಿಗೆ, ಈ ಗದ್ದೆ, ಈ ಬದುವಿನಿಂದ ಆ ಬದುವಿನವರೆಗೆ. ಅವನು ಅದರಲ್ಲೇ ನಿಂತು ದುಡಿದವನು, ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ ಅಂತ ಅವನಿಗೆ ಗೊತ್ತು. ಅದನ್ನು ಬಿಟ್ಟು ಅರಸರು ಇಡೀ ರಾಜ್ಯದ ಹೊಲವನ್ನೆಲ್ಲ ಒಟ್ಟು ಹಾಕಿ, ತಲೆಗೊಂದು ಪುಸ್ತಕ ಕೊಟ್ಟು, ಸಾವಿರ ಪಾಯಿಂಟಿದೆ, ಬೀದರಿನ ತೊಗರಿ ಹೊಲಕ್ಕೋ ಕೊಡಗಿನ ಕಾಫಿ ತೋಟಕ್ಕೋ ಹಾಕಿಕೊಳ್ಳಿ ಅಂದಿದ್ದರೆ? ಸಾಗರದ ಗೇಣಿದಾರ ಅದನ್ನು ಪೇಟೆಯ ಯಾರೋ ಫಂಡಿನವನ ಕೈಗೆ ಕೊಟ್ಟು ಮತ್ತೆ ಗೇಣಿಗೇ ಹೋಗುತ್ತಿದ್ದ. ಅಜ್ಜಿಗೆ ಇದನ್ನು ವಿವರಿಸಿದೆ. ನಮ್ಮ ಕಾರ್ಖಾನೆಯ ಷೇರು ನಮಗೇ ಕೊಟ್ಟಿದ್ದರೆ ನಾನಾದರೂ ಲೆಕ್ಕದ ಪುಸ್ತಕ ನೋಡ್ತಿದ್ದೆ, ಯಾರು ಕದೀತಾರೆ ಅಂತ ನನಗೆ ಮೊದಲೇ ಗೊತ್ತಿತ್ತು ಅಂದರು.

ಹಾಗಂತ ಕಾರ್ಖಾನೆ ವಿಷಯಕ್ಕೆ ಬಂದರೆ ನಾವೇನೂ ಬೀಗುವ ಹಾಗಿಲ್ಲ. ಎಚ್‌ಎಂಟಿಯನ್ನೇ ನೋಡಿ. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, 1961ರಿಂದ ವಾಚು ಮಾಡಿ, ಮದುವೆಯಲ್ಲಿ ಅಳಿಯನಿಗೆ ಕೊಡುವ ವಸ್ತುವಾಗಿತ್ತು. ಅಪ್ಪನ ಎಚ್‌ಎಂಟಿ ಈಗಲೂ ಕೀ ಕೊಟ್ಟರೆ ಓಡುತ್ತದೆ. ವಾಚ್ ಕಂಪನಿ ಮುಚ್ಚುವ ತೀರ್ಮಾನ ಬಂದದ್ದು 2016ಕ್ಕೆ. ನಾವು ಮಾರಲಿಲ್ಲ, ಹಂಚಲಿಲ್ಲ, ಹೊಸ ಮಿಷನ್ ತಂದು ಬೆಳೆಸಲೂ ಇಲ್ಲ. ವರ್ಷಾನುಗಟ್ಟಲೆ ಐಸಿಯುನಲ್ಲಿ ಇಟ್ಟ ಹಾಗೆ ಇಟ್ಟೆವು. ಚೆಕ್ಕರದ್ದು ಅವಸರಕ್ಕೆ ಹೋದ ಗಂಟು, ನಮ್ಮದು ಸಂಕೋಚಕ್ಕೆ ಹೋದದ್ದು. ಒಂದು ಮಾತ್ರ ಒಪ್ಪಬೇಕು, ನಮ್ಮಲ್ಲಿ ಅದರಿಂದ ದೇಶ ಅಲ್ಲಾಡಲಿಲ್ಲ, ಪಕ್ಕದಲ್ಲಿ ಬೇರೆ ನೂರು ಮಾಲೀಕರು ಅಂಗಡಿ ತೆರೆದು ಕೂತಿದ್ದರು. ಇವರಿಗೆ ಆ ಪಕ್ಕದವರು ಇರಲಿಲ್ಲ.

ಈಗ ಇಲ್ಲಿ ಹೇಗಿದೆ ಅಂತ ಊರಿಗೆ ಬಂದಾಗ ಕೇಳುತ್ತಾರೆ. ಚೆನ್ನಾಗಿದೆ. ಕೆಲಸ ಇಲ್ಲದವರು ಯುರೋಪಿನಲ್ಲೇ ಅತಿ ಕಡಿಮೆ ಇರುವ ದೇಶಗಳಲ್ಲಿ ಇದೂ ಒಂದು. ಟ್ರಾಮು ಹೇಳಿದ ನಿಮಿಷಕ್ಕೆ ಬರುತ್ತದೆ. ಆದರೆ ಚೆಕ್ಕರು ತಮ್ಮ ದೇಶಕ್ಕೆ ತಾವೇ ಮೊಂಟೊವ್ನಾ ಅನ್ನುತ್ತಾರೆ, ಬೇರೆಯವರ ಭಾಗ ತಂದು ಜೋಡಿಸಿ ಕೊಡುವ ಶೆಡ್ಡು ಅಂತ. ದುಡಿಮೆ ಇಲ್ಲಿ, ಲಾಭದ ದೊಡ್ಡ ಪಾಲು ಗಡಿಯಾಚೆ. ಬೆಂಗಳೂರಿನ ಐಟಿಯವನು ಇದನ್ನು ಕೇಳಿ ನಗಬಹುದು, ಆಮೇಲೆ ತನ್ನ ಕುತ್ತಿಗೆಯ ಐಡಿ ಕಾರ್ಡನ್ನೊಮ್ಮೆ ನೋಡಿಕೊಳ್ಳಬಹುದು. ಮನೆ ಬೆಲೆಯಂತೂ ಕೇಳಬೇಡಿ, ನಾವಿರುವ ಪನೆಲಾಕ್, ಅಂದರೆ ಸರ್ಕಾರ ಸಿಮೆಂಟ್ ಹಲಗೆ ಜೋಡಿಸಿ ಕಟ್ಟಿದ ಆ ಬೆಂಕಿಪೊಟ್ಟಣದ ಮನೆ, ಕೊಳ್ಳೋಕೆ ಇಬ್ಬರ ಸಂಬಳವೂ ಸಾಲದು.

ನನಗೆ ನಿಜವಾಗಿ ಮಾರುಕಟ್ಟೆ ಕಂಡದ್ದು ಸಾಪಾದಲ್ಲಿ. ನಗರದ ದಕ್ಷಿಣಕ್ಕೆ, ಹಿಂದೆ ಸರ್ಕಾರದ ಮಾಂಸದ ಕಾರ್ಖಾನೆ ಇದ್ದ ಜಾಗ. ಈಗ ಅದು ವಿಯೆಟ್ನಾಮಿನವರ ಸಂತೆ. ನಾವು ಕನ್ನಡದವರು ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ತೆಂಗಿನಕಾಯಿ ತರೋಕೆ ಹೋಗುವುದು ಅಲ್ಲಿಗೇ. ಕಮ್ಯುನಿಸ್ಟ್ ಕಾಲದಲ್ಲಿ ಎರಡು ಸರ್ಕಾರಗಳ ಒಪ್ಪಂದದ ಮೇಲೆ ಇಲ್ಲಿಯ ಕಾರ್ಖಾನೆಗಳಿಗೆ ದುಡಿಯೋಕೆ, ಕಲಿಯೋಕೆ ಬಂದವರು ಅವರು. 1989ರ ಮೇಲೆ ಕೆಲಸ ಹೋಯಿತು, ಹಲವರು ವಾಪಸ್ ಹೋಗಲಿಲ್ಲ. ಕೂಪನ್ ಪುಸ್ತಕ ಅವರಿಗೆ ಸಿಗುವ ಹಾಗಿರಲಿಲ್ಲ, ಅದು ಇಲ್ಲಿಯ ಪ್ರಜೆಗಳಿಗೆ ಮಾತ್ರ. ಬೀದಿಯಲ್ಲಿ ಮಡಚುವ ಟೇಬಲ್ ಹಾಕಿ ಜೀನ್ಸು, ಚಪ್ಪಲಿ ಮಾರಿದರು, ಆಮೇಲೆ ಮೂಲೆ ಮೂಲೆಗೆ ದಿನಸಿ ಅಂಗಡಿ ಇಟ್ಟರು. ಈಗ ರಾತ್ರಿ ಹತ್ತಕ್ಕೆ ಹಾಲು ಬೇಕೆಂದರೆ ಪ್ರಾಗ್‌ನಲ್ಲಿ ಬಾಗಿಲು ತೆರೆದಿರುವುದು ಅವರದ್ದೇ.

ನಮ್ಮ ಕಟ್ಟಡದ ಕೆಳಗಿನ ರಿಪೇರಿ ಅಂಗಡಿಯೂ ಈಗ ಅಂಥದ್ದೇ ದಿನಸಿ ಅಂಗಡಿ. ಗಂಡ ಹೆಂಡತಿ ಸೇರಿ ನಡೆಸುತ್ತಾರೆ, ಅವರ ಮಗಳು ಕೌಂಟರಿನ ಹಿಂದೆ ಕೂತು ಹೋಮ್‌ವರ್ಕ್ ಮಾಡುತ್ತಾಳೆ, ನನಗಿಂತ ಚೆನ್ನಾಗಿ ಚೆಕ್ ಮಾತಾಡುತ್ತಾಳೆ. ಅಜ್ಜಿಯ ಎರಡು ಕೂಪನ್ ಪುಸ್ತಕದಿಂದ ಏನೂ ಬರಲಿಲ್ಲ, ಅವರು ನಂಬಿದ್ದ ಫಂಡು ಹೆಸರು ಬದಲಾಯಿಸಿ, ಮತ್ತೆ ಬದಲಾಯಿಸಿ, ಒಂದು ದಿನ ಕಾಗದ ಬರುವುದೇ ನಿಂತಿತು. ಪುಸ್ತಕಗಳನ್ನು ಮಾತ್ರ ಇನ್ನೂ ಇಟ್ಟುಕೊಂಡಿದ್ದಾರೆ, ಗಂಡನ ಜಾವಾದ ಕಾಗದಗಳ ಜೊತೆ ಒಂದೇ ಡ್ರಾಯರಿನಲ್ಲಿ. ಹೋದ ವಾರ ಲಿಫ್ಟಿನಲ್ಲಿ ಸಿಕ್ಕರು, ಕೈಯಲ್ಲಿ ಕೆಳಗಿನ ಅಂಗಡಿಯ ಹಾಲು. ಚಿಲ್ಲರೆ ಎಣಿಸಿ ನೋಡಿಕೊಂಡು, 'ಅವನು ಬೆಲೆ ಜಾಸ್ತಿ ಇಟ್ಟಿದಾನೆ' ಅಂದರು. ಹಾಗಾದರೆ ಸೂಪರ್ ಮಾರ್ಕೆಟ್ಟಿಗೆ ಹೋಗಬಹುದಲ್ಲ ಅಂದೆ. ಅಲ್ಲಿ ಯಾರ ಹತ್ತಿರ ಜಗಳ ಆಡಲಿ ಅಂದರು.